ಮಾರಾಟ ಅಂತ ಹೇಳಿ ಬಾಡಿಗೆಗೆ ಕೊಡುವ ಅಂಗಡಿ

(ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ, ಕೊನೆಯ ಪ್ರಶ್ನೋತ್ತರವನ್ನು ಸ್ವಲ್ಪ ಮೊಟಕು ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗೇಮಿಂಗ್ ಬಗ್ಗೆ ಮಾತಾಡಿ ಅಂತ ನಿಮ್ಮ ಮೇಷ್ಟ್ರು ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು, ‘ಬುದ್ಧಿ ಹೇಳಬೇಕಾ ಸರ್?’ ಅಂತ. ಬೇಡ ಅಂದರು. ಅದಕ್ಕೇ ಒಪ್ಪಿಕೊಂಡೆ. ಮೊಬೈಲ್ ಕೆಳಗಿಡು, ಕಣ್ಣು ಹಾಳಾಗುತ್ತೆ ಅನ್ನುವುದನ್ನು ನಿಮ್ಮ ಮನೆಯಲ್ಲಿ ದಿನಾ ಹೇಳುತ್ತಿರುತ್ತಾರೆ. ಅದಕ್ಕೆ ಬಸ್ ಚಾರ್ಜು ಕೊಟ್ಟು ನನ್ನನ್ನು ಕರೆಸುವ ಅಗತ್ಯ ಇಲ್ಲ.

ನಾನು ಮಾತಾಡಬೇಕು ಅಂತಿರುವುದು ದುಡ್ಡಿನ ವಿಷಯ. ಆಟಕ್ಕೆ ನಾವು ಕೊಡುವ ದುಡ್ಡಿಗೆ ಬದಲಾಗಿ ನಮ್ಮ ಕೈಗೆ ಏನು ಬರುತ್ತೆ? ಎಷ್ಟು ದಿನ ಇರುತ್ತೆ? ವಾಪಸ್ ಯಾರು ತಗೋಬಹುದು?

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಗೇಮ್ ಕಂಪನಿ ಅಲ್ಲ. ಆದರೆ ಯಾವ ಸರ್ವರ್ ಇಟ್ಟುಕೊಳ್ಳಬೇಕು, ಯಾವುದನ್ನು ಬಂದ್ ಮಾಡಬೇಕು ಅನ್ನುವ ಮೀಟಿಂಗಿನಲ್ಲಿ ಕೂತು ಅಭ್ಯಾಸ ಇದೆ. ಹಾಗಾಗಿ ಇವತ್ತು ಹೇಳುವುದರಲ್ಲಿ ಅರ್ಧ ಆಟ ಆಡಿದವನ ಮಾತು, ಅರ್ಧ ಸ್ವಿಚ್ ಆಫ್ ಮಾಡುವವನ ಮಾತು.

ನಾನು ಬೆಳೆದಿದ್ದು ಅರಸೀಕೆರೆಯಲ್ಲಿ. ತೊಂಬತ್ತರ ದಶಕದ ಕೊನೆ. ನಮ್ಮ ಬೀದಿಯಲ್ಲಿ ಸ್ವಂತ ವಿಡಿಯೊ ಗೇಮ್ ಇದ್ದ ಮನೆ ಒಂದೂ ಇರಲಿಲ್ಲ. ಆದರೂ ಆಡದ ಹುಡುಗರು ಇರಲಿಲ್ಲ. ಯಾಕೆಂದರೆ ಒಂದು ಕ್ಯಾಸೆಟ್ ಅಂಗಡಿ ಇತ್ತು. ಅಲ್ಲಿ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಸಿಗುತ್ತಿತ್ತು, ಅದನ್ನು ಹಾಕಿ ನೋಡುವ ವಿಸಿಪಿ ಬಾಡಿಗೆಗೆ ಸಿಗುತ್ತಿತ್ತು, ಬೇಕೆಂದರೆ ಟಿವಿಯೇ ಬಾಡಿಗೆಗೆ ಸಿಗುತ್ತಿತ್ತು. ಹಿಂದೆ ಪ್ಲೈವುಡ್ ಅಡ್ಡ ಹಾಕಿ ಮಾಡಿದ್ದ ಸಣ್ಣ ಕೋಣೆಯಲ್ಲಿ ಎರಡು ಟಿವಿ, ಎರಡು ಗೇಮ್ ಸೆಟ್. ಗಂಟೆಗೆ ಹತ್ತು ರೂಪಾಯಿ. ಅಷ್ಟು ದುಡ್ಡು ಒಬ್ಬನ ಹತ್ತಿರ ಇರುತ್ತಿರಲಿಲ್ಲ, ನಾಲ್ಕು ಜನ ಸೇರಿ ಹಾಕುತ್ತಿದ್ದೆವು. ಲೈಫ್ ಮುಗಿದವನು ಎದ್ದು ಮುಂದಿನವನಿಗೆ ಚಾನ್ಸ್ ಕೊಡಬೇಕು. ಏಳದಿದ್ದರೆ ಜಗಳ.

ಅಂಗಡಿಯಣ್ಣ ಗೋಡೆಗೆ ಒಂದು ಸ್ಲೇಟು ನೇತುಹಾಕಿದ್ದರು. ನಾವು ಕೂತ ಟೈಮನ್ನು ಅದರಲ್ಲಿ ಬರೆಯುತ್ತಿದ್ದರು. ಕರೆಂಟ್ ಹೋದರೆ ಪಕ್ಕದಲ್ಲಿ ಒಂದು ಗೀಟು, ಬಂದಾಗ ಇನ್ನೊಂದು ಗೀಟು. ‘ಅಣ್ಣಾ, ಕರೆಂಟ್ ಹೋಗಿದ್ದು ಲೆಕ್ಕಕ್ಕೆ ಇಲ್ಲ ಅಲ್ವಾ?’ ಅಂತ ನಾವು ಕೇಳುವ ಮೊದಲೇ ಗೀಟು ಬಿದ್ದಿರುತ್ತಿತ್ತು. ಸಂಜೆಯವರೆಗೂ ಕರೆಂಟ್ ಬರದಿದ್ದರೆ ಉಳಿದ ನಿಮಿಷ ನಾಳೆಗೆ. ಆದರೆ ಆಟ ಮಾತ್ರ ಮೊದಲಿಂದ ಶುರು. ಆ ಸೆಟ್ಟುಗಳಲ್ಲಿ ಸೇವ್ ಮಾಡುವ ವ್ಯವಸ್ಥೆ ಇರಲಿಲ್ಲ. ಕಾಂಟ್ರಾ ಅನ್ನುವ ಆಟದ ಕೊನೆಯ ಸ್ಟೇಜ್‌ವರೆಗೆ ಹೋದಾಗ ಕರೆಂಟ್ ಹೋದರೆ ಬಯ್ಗುಳವೆಲ್ಲ ಕೆಇಬಿಗೆ.

ಆ ಸ್ಲೇಟನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ನಡೆಯುತ್ತಿದ್ದುದು ಬಾಡಿಗೆ ವ್ಯವಹಾರ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಎಷ್ಟು ಹೊತ್ತು, ಎಷ್ಟು ದುಡ್ಡು, ಮಧ್ಯೆ ನಿಂತುಹೋದರೆ ಏನು ಗತಿ, ಎಲ್ಲಾ ಗೋಡೆ ಮೇಲೇ ಇತ್ತು. ಬಾಡಿಗೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ತಲೆಮಾರಿನ ಮನರಂಜನೆಯೆಲ್ಲ ಬಾಡಿಗೆಯದ್ದೇ.

ಆ ಸೆಟ್ಟುಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ನನಗೆ ಸಮಾಧಾನ ಆಗಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಅನ್ನುವ ಗೇಮ್ ಸೆಟ್ ಬಿಟ್ಟಿತು. ನಮ್ಮ ಊರುಗಳಿಗೆ ಬಂದಿದ್ದರಲ್ಲಿ ಹೆಚ್ಚಿನವು ಅದರ ನಕಲುಗಳು. ಹೆಸರು ನೂರೆಂಟು, ಒಳಗಿನ ಸರಕು ಒಂದೇ. ಟಿವಿಯ ಹಿಂದಿನ ಆಂಟೆನಾ ತೂತಿಗೆ ವೈರ್ ಸಿಕ್ಕಿಸಿ, ಚಾನೆಲ್ ಟ್ಯೂನ್ ಮಾಡಿ, ಗೆರೆಗೆರೆ ಹೋಗಿ ಚಿತ್ರ ನಿಲ್ಲುವ ತನಕ ಕಾಯಬೇಕು.

ಆಟದ ಡಬ್ಬಿಗೂ ನಾವು ಕ್ಯಾಸೆಟ್ ಅಂತಲೇ ಕರೆಯುತ್ತಿದ್ದೆವು. ಮೇಲೆ ‘9999999 ಇನ್ 1’ ಅಂತ ಬರೆದಿರುತ್ತಿತ್ತು. ಮೆನುವಿನಲ್ಲಿ ಹೆಸರುಗಳು ಮುಗಿಯುವುದೇ ಇಲ್ಲ. ಸ್ವಲ್ಪ ಹೊತ್ತು ಕೆಳಗೆ ಹೋಗಿ ನೋಡಿದರೆ ಅದೇ ಮಾರಿಯೊ ಮೂರನೇ ಸ್ಟೇಜಿನಿಂದ, ಅದೇ ಕಾಂಟ್ರಾ ಜಾಸ್ತಿ ಲೈಫ್ ಕೊಟ್ಟು. ನಿಜವಾದ ಆಟಗಳು ಬೆರಳೆಣಿಕೆ. ಒಮ್ಮೆ ಕೆಟ್ಟುಹೋದ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ನೋಡಿದೆವು. ಒಳಗೆ ಅಂಗೈಗಿಂತ ಚಿಕ್ಕದಾದ ಹಸಿರು ಬೋರ್ಡು. ಚಿಪ್ಪಿನ ಕಾಲುಗಳು ಕಾಣುತ್ತವೆ ಅಂದುಕೊಂಡಿದ್ದರೆ ಅಲ್ಲಿ ಇದ್ದಿದ್ದು ಗಟ್ಟಿಯಾದ ಕಪ್ಪು ಅಂಟಿನ ಉಂಡೆ. ಚಿಪ್ಪನ್ನು ಬೋರ್ಡಿಗೆ ಕೂರಿಸಿ ಮೇಲೆ ಎಪಾಕ್ಸಿ ಅನ್ನುವ ಅಂಟು ಸುರಿದಿದ್ದರು, ಖರ್ಚು ಕಡಿಮೆ ಆಗಲಿ ಅಂತ. ತುದಿಯಲ್ಲಿ ಸಾಲಾಗಿ ತಾಮ್ರದ ಪಟ್ಟಿಗಳು. ಒಟ್ಟು ಅರವತ್ತು, ಒಂದೊಂದು ಬದಿಗೆ ಮೂವತ್ತು.

ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಬಾಯಲ್ಲಿ ಊದಿ ಮತ್ತೆ ಹಾಕುತ್ತಿದ್ದೆವು. ಪ್ರಪಂಚದ ಎಲ್ಲಾ ಮಕ್ಕಳೂ ಅದನ್ನೇ ಮಾಡಿದ್ದಾರೆ. ಅಸಲಿಗೆ ಕೆಲಸ ಮಾಡುತ್ತಿದ್ದುದು ಊದುವುದಲ್ಲ, ತೆಗೆದು ಮತ್ತೆ ಹಾಕುವುದು. ಹಾಗೆ ಮಾಡಿದಾಗ ಪಿನ್ನು ಸರಿಯಾಗಿ ಕೂರುತ್ತೆ. ಊದಿದರೆ ಎಂಜಲಿನ ತೇವ ಪಟ್ಟಿಗೆ ತಗುಲಿ ಲೋಹ ಇನ್ನಷ್ಟು ಕೆಡುತ್ತೆ, ಊದಬೇಡಿ ಅಂತ ನಿಂಟೆಂಡೊ ಕಂಪನಿಯೇ ಹೇಳಿತ್ತು. ನಮ್ಮ ಅಂಗಡಿಯಣ್ಣ ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಪಟ್ಟಿಗಳನ್ನು ಉಜ್ಜುತ್ತಿದ್ದರು. ಅದು ಸರಿಯಾದ ರಿಪೇರಿ. ಐವತ್ತು ಪೈಸೆಯ ರಬ್ಬರು, ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಅಲ್ಲಿಂದ ಸೈಬರ್ ಕೆಫೆಗೆ ಬರೋಣ. ಡಿಪ್ಲೊಮಾ ಓದಲು ನಾನು ಹಾಸನಕ್ಕೆ ಹೋದ ಹೊತ್ತಿಗೆ ಎಲ್ಲಾ ಕಡೆ ಕೌಂಟರ್ ಸ್ಟ್ರೈಕ್ ಅನ್ನುವ ಶೂಟಿಂಗ್ ಆಟದ ಹುಚ್ಚು. ಇದರ ಹುಟ್ಟು ನಿಮಗೆ ಇಷ್ಟವಾಗಬಹುದು. 1998ರಲ್ಲಿ ವಾಲ್ವ್ ಅನ್ನುವ ಅಮೆರಿಕದ ಕಂಪನಿ ಹಾಫ್ ಲೈಫ್ ಅಂತ ಒಂದು ಆಟ ಬಿಟ್ಟಿತು. ಅದನ್ನು ಬಿಚ್ಚಿ, ತಿದ್ದಿ, ಬೇರೆ ಆಟ ಮಾಡಿಕೊಳ್ಳೋಕೆ ಆಟಗಾರರಿಗೆ ಅವಕಾಶ ಕೊಟ್ಟಿತ್ತು. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಅನ್ನುವ ಇಬ್ಬರು ಹುಡುಗರು 1999ರಲ್ಲಿ ಹಾಗೆ ತಿದ್ದಿ ಮಾಡಿದ್ದೇ ಕೌಂಟರ್ ಸ್ಟ್ರೈಕ್. ಆಮೇಲೆ ವಾಲ್ವ್ ಅದನ್ನು ಕೊಂಡುಕೊಂಡು, ಅವರಿಗೂ ಕೆಲಸ ಕೊಟ್ಟಿತು.

ಕೆಫೆಯಲ್ಲಿ ಇಂಟರ್ನೆಟ್ ಆಮೆ ನಡಿಗೆ. ಆದರೆ ಕೌಂಟರ್ ಸ್ಟ್ರೈಕ್ 1.6ಕ್ಕೆ ಅದು ಬೇಕಾಗಿಯೇ ಇರಲಿಲ್ಲ. ಮೂಲೆಯ ಕಂಪ್ಯೂಟರಿನಲ್ಲಿ ಮಾಲೀಕರು ಸರ್ವರ್ ಶುರು ಮಾಡುತ್ತಿದ್ದರು. ಉಳಿದವರು ಕೆಫೆಯೊಳಗಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಲ್ಯಾನ್ ಕೇಬಲ್ ಮೂಲಕ ಅದಕ್ಕೆ ಸೇರಿಕೊಳ್ಳುವುದು. ಡಸ್ಟ್ 2 ಅನ್ನುವ ಮ್ಯಾಪು, ಅಂದರೆ ಆಟದ ಅಖಾಡ, ಐದು ಜನ ಈ ಕಡೆ, ಐದು ಜನ ಆ ಕಡೆ. ಸೋತವರು ಗೋಡೆಯಾಚೆಯಿಂದ ಕಿರುಚುವುದು ಹೆಡ್‌ಫೋನ್ ಇಲ್ಲದೆಯೇ ಕೇಳಿಸುತ್ತಿತ್ತು.

ಆ ಮೂಲೆಯ ಕಂಪ್ಯೂಟರ್ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇವತ್ತಿನ ಮಾತಿನ ತಿರುಳು ಅಲ್ಲೇ ಇದೆ. ಹತ್ತು ಜನ ಆಡುವ ಆಟದಲ್ಲಿ ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ಬಿತ್ತು ಅಂತ ತೀರ್ಮಾನ ಮಾಡೋಕೆ ಒಬ್ಬ ಪಂಚ ಬೇಕು. ಆ ಪಂಚನೇ ಸರ್ವರ್. ವಾಲ್ವ್ ಕಂಪನಿ ಆ ಸರ್ವರ್ ಪ್ರೋಗ್ರಾಮನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟಿತ್ತು. ಹಾಸನದ ಕೆಫೆಯವರೂ ಓಡಿಸಬಹುದು, ಬ್ರೆಜಿಲ್‌ನವರೂ ಓಡಿಸಬಹುದು. ಹಾಗಾಗಿ 2003ರಲ್ಲಿ ಬಂದ ಆ 1.6 ಆವೃತ್ತಿಯನ್ನು ಇವತ್ತಿಗೂ ಜನ ಆಡುತ್ತಿದ್ದಾರೆ. ನಾಳೆ ಕಂಪನಿಯೇ ಮುಚ್ಚಿದರೂ ಕಂಪ್ಯೂಟರುಗಳನ್ನು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್ಚು, ನಾಲ್ಕು ಕೇಬಲ್ ಇದ್ದರೆ ಆಟ ನಡೆಯುತ್ತೆ.

ಈಗಿನ ಬಹುಪಾಲು ಆಟಗಳಲ್ಲಿ ಆ ಪಂಚ ಕಂಪನಿಯ ಮನೆಯಲ್ಲಿ ಇರುತ್ತಾನೆ. ನಮಗೆ ಸಿಗುವುದು ಅವನನ್ನು ಮಾತಾಡಿಸುವ ಅರ್ಧ ಆಟ. ಫೋನಿನಲ್ಲಿ ಡೌನ್‌ಲೋಡ್ ಆದ ಎರಡು ಜಿಬಿ, ಮೂರು ಜಿಬಿ ಬರೀ ಚಿತ್ರ, ಶಬ್ದ. ಆಟದ ಜೀವ ಅಲ್ಲಿ.

ಇದರ ಮೊದಲ ರುಚಿ ನನಗೆ ಹತ್ತಿದ್ದು ಫಾರ್ಮ್‌ವಿಲ್ ಕಾಲದಲ್ಲಿ. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂದ ಆಟ ಅದು. ನಮ್ಮ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದ ಮೇಡಂ ಒಬ್ಬರು ದಿನವಿಡೀ ಹೊಲ ಉಳುತ್ತಿದ್ದರು. ಸ್ಟ್ರಾಬೆರಿ ಹಾಕಿದರೆ ನಾಲ್ಕು ಗಂಟೆಗೆ ಫಸಲು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬಾಡಿಹೋಗುತ್ತೆ. ಮೀಟಿಂಗ್ ಮಧ್ಯೆ ಅಲಾರ್ಮ್ ಹೊಡೆದರೆ ‘ಒಂದ್ನಿಮಿಷ ಸರ್’ ಅಂತ ಎದ್ದು ಹೋಗುತ್ತಿದ್ದರು. ಅವರ ತವರಿನಲ್ಲಿ ನಿಜವಾದ ತೋಟ ಇತ್ತು, ಅದರ ಕಡೆ ಅಷ್ಟು ಗಮನ ಇರಲಿಲ್ಲ ಅನ್ನುವುದು ಬೇರೆ ಮಾತು. ಆ ಆಟ ನಿಂತಿದ್ದು ಅಡೋಬಿ ಕಂಪನಿಯ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರ್ ಮೇಲೆ. ಅಡೋಬಿ ಫ್ಲ್ಯಾಶ್‌ಗೆ ವಿದಾಯ ಹೇಳಿತು, 2020ರ ಡಿಸೆಂಬರ್ 31ಕ್ಕೆ ಫೇಸ್‌ಬುಕ್ಕಿನ ಫಾರ್ಮ್‌ವಿಲ್ ಕೂಡ ಮುಚ್ಚಿತು. ಕೋಟ್ಯಂತರ ಜನರ ಹೊಲ, ಕೊಟ್ಟಿಗೆ, ದುಡ್ಡು ಕೊಟ್ಟು ತಂದ ಹಸು, ಎಲ್ಲಾ ಹೋಯಿತು. ಹೊಲ ಪುಕ್ಕಟೆ ಸಿಕ್ಕಿದ್ದು, ಹಾಗಾಗಿ ಯಾರೂ ಜಾಸ್ತಿ ಅಳಲಿಲ್ಲ.

ಅಳು ಜೋರಾಗಿದ್ದು ದಿ ಕ್ರೂ ಅನ್ನುವ ಆಟ ಮುಚ್ಚಿದಾಗ. ಯೂಬಿಸಾಫ್ಟ್ ಅನ್ನುವ ಫ್ರೆಂಚ್ ಕಂಪನಿಯ ಕಾರ್ ರೇಸಿಂಗ್ ಆಟ, 2014ರಲ್ಲಿ ಬಂದಿದ್ದು. ಇಡೀ ಅಮೆರಿಕವನ್ನೇ ಕುಗ್ಗಿಸಿ ಮ್ಯಾಪ್ ಮಾಡಿದ್ದರು. ಒಬ್ಬರೇ ಆಡಿದರೂ ಇಂಟರ್ನೆಟ್ ಇರಲೇಬೇಕು, ಹಾಗೆ ಕಟ್ಟಿದ್ದರು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ಅಂಗಡಿಗೆ ಹೋಗಿ ಪೂರ್ತಿ ದುಡ್ಡು ಕೊಟ್ಟು ಡಿಸ್ಕ್ ತಂದವರ ಡಿಸ್ಕೂ ಕೆಲಸಕ್ಕೆ ಬಾರದ್ದಾಯಿತು. ಸಾಲದು ಅಂತ ಎಷ್ಟೋ ಆಟಗಾರರ ಖಾತೆಯಿಂದ ಆಟದ ಲೈಸೆನ್ಸನ್ನೇ, ಅಂದರೆ ಆಡುವ ಅನುಮತಿಯನ್ನೇ, ವಾಪಸ್ ತಗೊಂಡರು.

ಇಲ್ಲಿ ನಮ್ಮ ಅಂಗಡಿಯಣ್ಣನ ಸ್ಲೇಟು ನನಗೆ ನೆನಪಾಗುತ್ತೆ. ಈಗಿನ ಅಂಗಡಿ ಮೂರು ಸಾವಿರವೋ ನಾಲ್ಕು ಸಾವಿರವೋ ಈಸಿಕೊಂಡು ‘ಕೊಂಡಿದ್ದಕ್ಕೆ ಧನ್ಯವಾದ’ ಅನ್ನುತ್ತೆ. ಎಷ್ಟು ದಿನಕ್ಕೆ ಅಂತ ಗೋಡೆ ಮೇಲೆ ಬರೆಯಲ್ಲ. ಯಾರೂ ಓದದ ನಲವತ್ತು ಪುಟದ ಷರತ್ತಿನ ಒಳಗೆ, ನಾವು ಯಾವಾಗ ಬೇಕಾದರೂ ನಿಲ್ಲಿಸಬಹುದು ಅಂತ ಬರೆದಿರುತ್ತೆ. ಬಾಡಿಗೆ ರೇಟಿನಲ್ಲಿ ಬಾಡಿಗೆಗೆ ಕೊಡಲಿ, ಸಂತೋಷ. ಮಾರಾಟದ ರೇಟಿನಲ್ಲಿ ಬಾಡಿಗೆಗೆ ಕೊಡುವುದು ನನಗೆ ಒಪ್ಪಿಗೆ ಇಲ್ಲ.

ಕಂಪನಿಗಳ ಕಡೆಯ ಮಾತೂ ಇದೆ, ಅದನ್ನು ಹೇಳದಿದ್ದರೆ ನನ್ನ ಕಸುಬಿಗೆ ದ್ರೋಹ. ಸರ್ವರ್ ಇಡೋಕೆ ತಿಂಗಳು ತಿಂಗಳು ಖರ್ಚು. ಕರೆಂಟು, ಬಾಡಿಗೆ ಅಷ್ಟೇ ಅಲ್ಲ. ಹಳೇ ಸಾಫ್ಟ್‌ವೇರಿನಲ್ಲಿ ತೂತು ಕಂಡಾಗ ಮುಚ್ಚಬೇಕು, ಅದನ್ನು ಬರೆದ ಎಂಜಿನಿಯರ್ ಕೆಲಸ ಬಿಟ್ಟು ಎಂಟು ವರ್ಷ ಆಗಿರುತ್ತೆ. ಸಾವಿರಾರು ಜನ ಆಡುತ್ತಿದ್ದಲ್ಲಿ ಮೂವತ್ತು ಜನ ಉಳಿದಾಗ ಮೀಟಿಂಗಿನಲ್ಲಿ ಯಾರೋ ಎಕ್ಸೆಲ್ ಶೀಟ್ ತೆರೆದು ಆ ಸಾಲಿಗೆ ಕೆಂಪು ಬಣ್ಣ ಹಚ್ಚುತ್ತಾರೆ. ಅದರಲ್ಲಿ ಕೇಡಿನ ಉದ್ದೇಶ ಏನೂ ಇರಲ್ಲ. ಕಾರ್ ಆಟಗಳಲ್ಲಿ ಇನ್ನೊಂದು ತಾಪತ್ರಯ. ಕಾರ್ ಕಂಪನಿಗಳ ಹೆಸರು, ಹಾಡುಗಳ ಹಕ್ಕು ಎಲ್ಲಾ ಇಷ್ಟು ವರ್ಷಕ್ಕೆ ಅಂತ ಪಡೆದಿರುತ್ತಾರೆ. ಅವಧಿ ಮುಗಿದರೆ ಮಾರುವ ಹಾಗಿಲ್ಲ.

ಆದರೆ ಮಾರುವುದನ್ನು ನಿಲ್ಲಿಸುವುದು ಬೇರೆ, ಮಾರಿದ್ದನ್ನು ಕಿತ್ತುಕೊಳ್ಳುವುದು ಬೇರೆ. ಮೈಕ್ರೋಸಾಫ್ಟಿನ ಫೋರ್ಜಾ ಹೊರೈಜನ್ 4 ಅನ್ನುವ ಕಾರ್ ಆಟದ ಮಾರಾಟ 2024ರ ಡಿಸೆಂಬರ್ 15ಕ್ಕೆ ನಿಂತಿತು. ಮೊದಲೇ ಕೊಂಡವರು ಆಮೇಲೂ ಆಡುತ್ತಿದ್ದಾರೆ. ಗೂಗಲ್‌ನ ಸ್ಟೇಡಿಯಾ ಇನ್ನೊಂದು ಉದಾಹರಣೆ. ಆಟ ಪೂರ್ತಿ ಗೂಗಲ್ ಕಂಪ್ಯೂಟರಿನಲ್ಲಿ ನಡೆದು, ನಮಗೆ ಬರೀ ವಿಡಿಯೊ ಬರುವ ವ್ಯವಸ್ಥೆ. ನಮ್ಮ ದೇಶಕ್ಕೆ ಬರಲೇ ಇಲ್ಲ. 2019ರ ನವೆಂಬರಿನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ಮುಚ್ಚಿತು. ಮುಚ್ಚುವಾಗ ಗೂಗಲ್ ತನ್ನ ಅಂಗಡಿಯಲ್ಲಿ ಕೊಂಡ ಸಲಕರಣೆಗೂ ಆಟಗಳಿಗೂ ದುಡ್ಡು ವಾಪಸ್ ಕೊಟ್ಟಿತು. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರನ್ನು ಬ್ಲೂಟೂತ್ ಮೂಲಕ ಬೇರೆ ಕಡೆ ಬಳಸೋಕೆ ಬರುವ ಹಾಗೆ ಮಾಡಿಕೊಟ್ಟಿತು. ಅಂಗಡಿ ಮುಚ್ಚುವುದಾದರೆ ಹಾಗೆ ಮುಚ್ಚಬೇಕು.

ಗಲಾಟೆ ಮಾಡಿದರೆ ಫಲ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಸೋನಿ ಕಂಪನಿಯ ಗೇಮ್ ಸೆಟ್ ಪ್ಲೇಸ್ಟೇಷನ್‌ನಲ್ಲಿ ಡಿಸ್ಕವರಿ ಚಾನೆಲ್ಲಿನ ಕಾರ್ಯಕ್ರಮ ಕೊಂಡವರಿಗೆ, 2023ರ ಕೊನೆಗೆ ಅವೆಲ್ಲ ನಿಮ್ಮ ಲೈಬ್ರರಿಯಿಂದ ಹೋಗುತ್ತವೆ ಅಂತ ಸೋನಿ ತಿಳಿಸಿತು. ಜನ ಬಾಯಿ ಮಾಡಿದರು. ತಿಂಗಳು ತುಂಬುವುದರೊಳಗೆ, ಹೊಸ ಒಪ್ಪಂದ ಆಗಿದೆ, ಸದ್ಯಕ್ಕೆ ಉಳಿಯುತ್ತವೆ ಅಂದರು.

ದಿ ಕ್ರೂ ವಿಷಯದಲ್ಲಿ ಬಾಯಿ ಮಾಡಿದ್ದು ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್. 2024ರ ಏಪ್ರಿಲಿನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಚಳವಳಿ ಶುರು ಮಾಡಿದರು. ಅವರ ಬೇಡಿಕೆ ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತೆ, ಅಷ್ಟು ಸಣ್ಣದು. ಸರ್ವರ್ ಕೊನೇ ತನಕ ಓಡಿಸಿ ಅಂತ ಅವರು ಕೇಳುತ್ತಿಲ್ಲ. ಬಾಗಿಲು ಹಾಕುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅನ್ನುತ್ತಾರೆ ಅಷ್ಟೇ. ಅಂದರೆ ಹಾಸನದ ಕೆಫೆಯ ಮೂಲೆಯಲ್ಲಿದ್ದ ಆ ಕಂಪ್ಯೂಟರನ್ನು ವಾಪಸ್ ಕೊಡಿ ಅಂತ. ಯುರೋಪಿಯನ್ ಒಕ್ಕೂಟದ ಮುಂದೆ ಇಟ್ಟ ಅವರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಯೂಬಿಸಾಫ್ಟ್ ಆಮೇಲೆ ದಿ ಕ್ರೂ 2 ಆಟಕ್ಕೆ ಇಂಟರ್ನೆಟ್ ಇಲ್ಲದೆ ಆಡುವ ದಾರಿ ಮಾಡಿಕೊಟ್ಟಿತು. ಮೊದಲನೇ ದಿ ಕ್ರೂ ಆಟಕ್ಕೆ ಅಭಿಮಾನಿಗಳೇ ಕೂತು ಸರ್ವರ್ ಬರೆದು ಮತ್ತೆ ಓಡಿಸಿದರು. ಆಗಲ್ಲ ಅಂದಿದ್ದು ಆಗುತ್ತೆ ಅಂತಾಯಿತು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಇದೆ. ಕೊಡುತ್ತಿರುವುದು ಬರೀ ಲೈಸೆನ್ಸ್ ಆದರೆ, ಅದನ್ನು ಗ್ರಾಹಕರಿಗೆ ಎದುರಿಗೇ ತಿಳಿಸದೆ ‘ಖರೀದಿಸಿ’ ಅನ್ನುವ ಬಟನ್ ಹಾಕುವ ಹಾಗಿಲ್ಲ. ಡೌನ್‌ಲೋಡ್ ಮಾಡಿ ಇಟ್ಟುಕೊಂಡು ಶಾಶ್ವತವಾಗಿ ಬಳಸಬಹುದಾದ ಸರಕಿಗೆ ಈ ನಿಯಮ ಇಲ್ಲ. ನನಗೆ ಹಿಡಿಸಿದ ಕಾನೂನು ಇದು. ವ್ಯಾಪಾರ ನಿಲ್ಲಿಸಿ ಅನ್ನುತ್ತಿಲ್ಲ, ಸ್ಲೇಟು ತೂಗುಹಾಕಿ ಅನ್ನುತ್ತಿದೆ.

ನಮ್ಮಲ್ಲಿ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’, ಅಂದರೆ ಆ್ಯಪ್, ವೆಬ್‌ಸೈಟಿನಲ್ಲಿ ಗ್ರಾಹಕರನ್ನು ಯಾಮಾರಿಸುವ ತಂತ್ರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಸುಮ್ನೆ ಅವಸರ ಹುಟ್ಟಿಸುವುದು, ಕಾರ್ಟಿಗೆ ಗೊತ್ತಿಲ್ಲದೆ ಏನೋ ಸೇರಿಸುವುದು, ಚಂದಾ ರದ್ದು ಮಾಡೋಕೆ ಬಿಡದೆ ಸತಾಯಿಸುವುದು, ಹೀಗೆ 13 ಬಗೆಯ ಮೋಸ ಅದರಲ್ಲಿದೆ. ಬಾಡಿಗೆಯನ್ನು ಮಾರಾಟ ಅಂತ ತೋರಿಸುವುದು ಪಟ್ಟಿಯಲ್ಲಿ ಇಲ್ಲ. ಹದಿನಾಲ್ಕನೆಯದಾಗಿ ಸೇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಪಬ್ಜಿ ವಿಷಯ ಬರಲಿಲ್ಲವಲ್ಲ ಅಂತ ನೀವು ಕಾಯುತ್ತಿದ್ದೀರಿ. ಅದರಲ್ಲಿ ಮುಚ್ಚಿಸಿದ್ದು ಕಂಪನಿಯಲ್ಲ, ಸರ್ಕಾರ. 2020ರ ಸೆಪ್ಟೆಂಬರ್ 2ರಂದು ಐಟಿ ಕಾಯ್ದೆಯ 69ಎ ಕಲಮಿನಡಿ 118 ಆ್ಯಪ್‌ಗಳಿಗೆ ತಡೆ ಬಿತ್ತು, ಅದರಲ್ಲಿ ಇದೂ ಒಂದು. 2021ರ ಜುಲೈ 2ಕ್ಕೆ ಬಿಜಿಎಂಐ ಹೆಸರಲ್ಲಿ ವಾಪಸ್ ಬಂತು. 2022ರ ಜುಲೈ 28ಕ್ಕೆ ಮತ್ತೆ ಪ್ಲೇಸ್ಟೋರಿನಿಂದ ಮಾಯ. 2023ರ ಮೇ ಕೊನೆಗೆ ಮತ್ತೆ ಪ್ರತ್ಯಕ್ಷ. ಮೂರು ವರ್ಷದೊಳಗೆ ಎರಡು ಸಲ ಹೋಗಿ ಎರಡು ಸಲ ಬಂತು. ಸರ್ಕಾರದ ಕಾರಣ ಸರಿಯೋ ತಪ್ಪೋ ನನ್ನ ವಿಷಯ ಅಲ್ಲ. ಸರ್ವರ್ ಬೇರೆಯವರ ಮನೆಯಲ್ಲಿದ್ದಾಗ ಬಾಗಿಲು ಹಾಕಿಸುವ ಕೈಗಳು ಜಾಸ್ತಿ ಆಗುತ್ತವೆ, ಅಷ್ಟು ಗಮನಿಸಿ.

ದುಡ್ಡು ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಬೇರೆಯೇ ಕಥೆ. ನಮ್ಮ ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾನೂನು ತಂದಿತು. ಅದನ್ನು ನಾನು ಆಟ ಅಂತ ಕರೆಯಲ್ಲ, ಹಾಗಾಗಿ ಇಷ್ಟಕ್ಕೆ ಬಿಡುತ್ತೇನೆ.

ನಮ್ಮ ಮನೆಯದ್ದೇ ಒಂದು ಸಂಗತಿ ಹೇಳುತ್ತೇನೆ. ಯಾವ ಆಟ ಅಂತ ಹೇಳಲ್ಲ. ನಮ್ಮ ಅಕ್ಕನ ಮಗ ಒಂದು ಶೂಟಿಂಗ್ ಆಟ ಆಡುತ್ತಿದ್ದ. ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟಿದ್ದು, ಗಣೇಶನ ಹಬ್ಬಕ್ಕೆ ನಾನು ಕೊಟ್ಟಿದ್ದು, ಎಲ್ಲಾ ಬಂದೂಕಿನ ಬಣ್ಣಕ್ಕೂ ಟೋಪಿಗೂ ಹೋಗಿತ್ತು. ಖಾತೆ ಭಾವನ ಹಳೇ ಮೊಬೈಲ್ ನಂಬರಿಗೆ ಜೋಡಿಸಿತ್ತು. ಆ ಸಿಮ್ಮಿಗೆ ರೀಚಾರ್ಜ್ ಮಾಡಿಸದೆ ಬಿಟ್ಟರು, ನಂಬರ್ ಬೇರೆ ಯಾರಿಗೋ ಹೋಯಿತು. ಹೊಸ ಫೋನಿನಲ್ಲಿ ಲಾಗಿನ್ ಆಗೋಕೆ ಹೋದರೆ ಒಟಿಪಿ ಅಪರಿಚಿತರ ಫೋನಿಗೆ. ‘ಮಾಮ, ನೀನು ಕಂಪ್ಯೂಟರಿನವನು, ತೆಗೆಸಿಕೊಡು’ ಅಂದ. ಸಪೋರ್ಟಿಗೆ ಬರೆದೆ. ಪ್ರತಿ ಸಲವೂ ಒಂದೇ ಉತ್ತರ, ನೋಂದಾಯಿತ ನಂಬರಿನಿಂದ ದೃಢೀಕರಿಸಿ ಅಂತ. ಯುಪಿಐ ರಸೀದಿ ಕಳಿಸಿದೆ, ಖರೀದಿಯ ಇಮೇಲ್ ಕಳಿಸಿದೆ. ಅದೇ ಉತ್ತರ. ಅಲ್ಲಿ ಮನುಷ್ಯರು ಇದ್ದಾರಾ ಅನ್ನುವುದೇ ನನಗೆ ಗೊತ್ತಾಗಲಿಲ್ಲ. ಸ್ಲೇಟಿನ ಪಕ್ಕ ಒಬ್ಬ ಅಂಗಡಿಯಣ್ಣ ಇದ್ದರು ನೋಡಿ, ಅದೂ ಒಂದು ಸೌಲಭ್ಯವೇ.

ಹಾಗಂತ ಕೈಯಲ್ಲಿರುವ ವಸ್ತು ಸಾವಿಲ್ಲದ್ದು ಅಂತಲೂ ಅಲ್ಲ. ಕ್ಯಾಸೆಟ್ ಅಂಗಡಿ ಮುಚ್ಚುವಾಗ ನಾನು ಒಂದು ಸೆಟ್ಟನ್ನೂ ಅದರ ಬಂದೂಕನ್ನೂ ಕೊಂಡುಕೊಂಡೆ. ಡಕ್ ಹಂಟ್ ಅನ್ನುವ ಬಾತುಕೋಳಿ ಬೇಟೆಯ ಆಟ ಆಡುವ ಬಂದೂಕು. ಈಗ ಮನೆಯ ಎಲ್‌ಇಡಿ ಟಿವಿಗೆ ಸಿಕ್ಕಿಸಿದರೆ ಚಿತ್ರ ಬರುತ್ತೆ, ಬಾತುಕೋಳಿ ಹಾರುತ್ತೆ, ನಾಯಿ ನಗುತ್ತೆ. ಗುಂಡು ಮಾತ್ರ ತಗುಲಲ್ಲ. ಬಂದೂಕು ಕೆಟ್ಟಿಲ್ಲ.

ಅದು ಕೆಲಸ ಮಾಡುವ ರೀತಿ ಬಹಳ ಜಾಣತನದ್ದು. ಬಂದೂಕಿನಿಂದ ಟಿವಿಗೆ ಏನೂ ಹೋಗಲ್ಲ. ನಳಿಗೆಯೊಳಗೆ ಬೆಳಕು ಗುರುತಿಸುವ ಪುಟ್ಟ ಸಾಧನ ಇದೆ. ಬಂದೂಕಿನ ಕುದುರೆ ಎಳೆದ ಕೂಡಲೇ ಆಟ ಕಣ್ಣಿಗೆ ಸರಿಯಾಗಿ ಕಾಣದಷ್ಟು ಹೊತ್ತು ಪರದೆಯನ್ನು ಪೂರ್ತಿ ಕಪ್ಪು ಮಾಡುತ್ತೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ. ನಳಿಗೆಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ ಅಂತ ಲೆಕ್ಕ. ಸೆಕೆಂಡಿಗೆ ಐವತ್ತು-ಅರವತ್ತು ಸಲ ಚಿತ್ರ ಬರೆಯುವ ಹಳೇ ಪಿಕ್ಚರ್ ಟ್ಯೂಬಿನಲ್ಲಿ ಇದು ಸರಾಗ. ಹೊಸ ಟಿವಿ ಬಂದ ಚಿತ್ರವನ್ನು ಒಂದಿಷ್ಟು ಹೊತ್ತು ಇಟ್ಟುಕೊಂಡು, ಚಂದ ಮಾಡಿ ತೋರಿಸುತ್ತೆ. ಅಷ್ಟರಲ್ಲಿ ಆಟದ ಲೆಕ್ಕ ಮುಗಿದಿರುತ್ತೆ. ಜೊತೆಗೆ ಅಸಲಿ ಬಂದೂಕು ಪಿಕ್ಚರ್ ಟ್ಯೂಬಿನ ಗೆರೆಗಳು ಮಿನುಗುವ ವೇಗವನ್ನೂ ಗುರುತಿಸುತ್ತೆ. ಬಲ್ಬಿಗೆ ಗುರಿ ಇಟ್ಟು ಮೋಸ ಮಾಡಬಾರದು ಅಂತ ಆ ಏರ್ಪಾಡು.

ನಾನೇನು ಮಾಡಿದೆ? ಗುಜರಿ ಅಂಗಡಿಯಿಂದ ಹದಿನಾಲ್ಕು ಇಂಚಿನ ಹಳೇ ಟಿವಿ ತಂದೆ. ಹೆಂಡತಿ ಅದನ್ನು ಒಳಗೆ ತರೋಕೆ ಬಿಡಲಿಲ್ಲ, ಬಾಲ್ಕನಿಯಲ್ಲಿ ಇದೆ. ಅಕ್ಕನ ಮಗ ರಜಕ್ಕೆ ಬಂದಾಗ ಅಲ್ಲೇ ಕೂತು ಬಾತುಕೋಳಿ ಹೊಡೆಯುತ್ತಾನೆ. ವಸ್ತು ನಮ್ಮದಾಗಿದ್ದರೆ ಕೆಟ್ಟಾಗ ಪರದಾಡಬೇಕಾಗುತ್ತೆ, ನಿಜ. ಆದರೆ ಪರದಾಡೋಕೆ ಏನಾದರೂ ಕೈಯಲ್ಲಿ ಉಳಿದಿರುತ್ತೆ.

ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಇವತ್ತು ಅಂಗಡಿಯಲ್ಲಿ ಸಿಗಲ್ಲ. ಹಳೆಯ ಯಂತ್ರ ಇಟ್ಟುಕೊಂಡವರು, ಇಲ್ಲವೇ ಕಾನೂನಿನ ಬೇಲಿ ಹಾರಿ ಪ್ರತಿ ಮಾಡಿಕೊಂಡವರು ಮಾತ್ರ ಅವನ್ನು ಆಡಬಹುದು. ನಮ್ಮೂರಿಗೆ ಬಂದಿದ್ದೆಲ್ಲ ನಕಲು ಸರಕು ಅಂದೆನಲ್ಲ, ಆಟ ಮಾಡಿದವರಿಗೆ ಅದರಿಂದ ನಯಾಪೈಸೆ ಹೋಗಿರಲಿಕ್ಕಿಲ್ಲ. ಅದು ಸರಿ ಅಂತ ನಾನು ವಾದ ಮಾಡಲ್ಲ. ನಮ್ಮ ಉಡುಪಿಯಲ್ಲೇ 99ಗೇಮ್ಸ್ ಅಂತ ಕಂಪನಿ ಇದೆ, ಅವರ ಸ್ಟಾರ್ ಶೆಫ್ ಆಟ ನಿಮ್ಮಲ್ಲಿ ಕೆಲವರು ಆಡಿರಬಹುದು. ಅಂಥವರ ಹೊಟ್ಟೆ ತುಂಬಬೇಕು. ಆದರೆ ಕಂಪನಿಗಳು ಕೈಬಿಟ್ಟಿದ್ದನ್ನು ಕಳ್ಳರು ಉಳಿಸಿಕೊಂಡರು ಅನ್ನುವ ಪರಿಸ್ಥಿತಿಗೆ ಕಂಪನಿಗಳೇ ಉತ್ತರ ಕೊಡಬೇಕು.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿ.

(ಪ್ರಶ್ನೋತ್ತರದಿಂದ ಆಯ್ದ ಭಾಗ)

‘ಹಾಗಾದ್ರೆ ಬಿಜಿಎಂಐಗೆ ದುಡ್ಡು ಹಾಕಬಾರದಾ ಸರ್?’ ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದ.

ಹಾಕು. ಬಾಡಿಗೆ ಅಂತ ಲೆಕ್ಕ ಇಟ್ಟು ಹಾಕು. ಮುನ್ನೂರು ರೂಪಾಯಿಗೆ ನಾಲ್ಕು ತಿಂಗಳು ಖುಷಿಯಾಗಿ ಆಡಿದರೆ ನಷ್ಟ ಏನಿಲ್ಲ, ಒಂದು ಸಿನಿಮಾ ಟಿಕೆಟಿಗೆ ಅದಕ್ಕಿಂತ ಜಾಸ್ತಿ ಆಗುತ್ತೆ. ಮುಂದೆ ಖಾತೆ ಮಾರಿದರೆ ದುಡ್ಡು ಬರುತ್ತೆ ಅಂತ ಮಾತ್ರ ಹಾಕಬೇಡ. ಹದಿನೆಂಟರ ಒಳಗಿನವರಿಗೆ ದಿನಕ್ಕೆ ಏಳು ಸಾವಿರ ರೂಪಾಯಿ ಮಿತಿ ಅಂತ ಬಿಜಿಎಂಐ ಕಂಪನಿಯವರು ಶುರುವಿನಲ್ಲಿ ಘೋಷಿಸಿದ್ದರು. ಏಳು ಸಾವಿರ, ದಿನಕ್ಕೆ! ಅದನ್ನು ಮಿತಿ ಅಂತ ಕರೆಯುವವರು ಬೇರೆ ಊರಿನಲ್ಲಿ ಬೆಳೆದಿರಬೇಕು.

‘ಕೊಳ್ಳುವ ಮೊದಲೇ ಗೊತ್ತಾಗೋದು ಹೇಗೆ?’ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದರು.

ಫೋನಿನ ಆಟವಾದರೆ ದುಡ್ಡು ಹಾಕುವ ಮೊದಲು ಏರೋಪ್ಲೇನ್ ಮೋಡ್ ಹಾಕಿ ತೆರೆದು ನೋಡಿ. ತೆರೆಯದಿದ್ದರೆ ಅದು ಬಾಡಿಗೆ ಮನೆ. ಕಂಪ್ಯೂಟರಿನ ಆಟವಾದರೆ, ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಆಟದ ಪುಟದ ಬಲಗಡೆ ಬೇರೆ ಕಂಪನಿಯ ಖಾತೆ ಬೇಕು ಅಂತ ಬರೆದಿದೆಯಾ ನೋಡಿ. ಜಿಒಜಿ ಅನ್ನುವ ಪೋಲೆಂಡಿನ ಅಂಗಡಿಯಲ್ಲಿ ಆಟದ ಇನ್‌ಸ್ಟಾಲರನ್ನೇ ಡೌನ್‌ಲೋಡ್ ಮಾಡಿ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು, ಬೀಗ ಇರಲ್ಲ. ಖಾತೆಯನ್ನು ಕೈಬಿಡುವ ನಂಬರಿಗೆ ಜೋಡಿಸಬೇಡಿ. ದುಡ್ಡು ಹೋದ ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಒಬ್ಬ ಹುಡುಗ ಎದ್ದು, ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಾಂಶುಪಾಲರನ್ನೇ ನೋಡುತ್ತಾ ಕೇಳಿದ: ‘ಸರ್, ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲೂ ಲ್ಯಾನ್ ಇದೆ. ಅದರಲ್ಲಿ ಆಟ ಹಾಕಬಹುದಾ?’

ಧಾರಾಳವಾಗಿ ಹಾಕಬಹುದು ಅಂದೆ. ಸೂಪರ್‌ಟಕ್ಸ್‌ಕಾರ್ಟ್ ಅಂತ ಕಾರ್ ಓಡಿಸುವ ಆಟ ಇದೆ, 0 ಎ.ಡಿ. ಅಂತ ರಾಜ್ಯ ಕಟ್ಟುವ ಆಟ ಇದೆ. ಎರಡೂ ಪುಕ್ಕಟೆ, ಎರಡರ ಸೋರ್ಸ್ ಕೋಡ್ ಕೂಡ ತೆರೆದೇ ಇದೆ. ಪಂಚನನ್ನು ನಿಮ್ಮ ಲ್ಯಾಬಿನಲ್ಲೇ ಕೂರಿಸಬಹುದು. ಆಡುವುದಕ್ಕಿಂತ ಸರ್ವರ್ ಹಾಕುವುದರಲ್ಲೇ ನೀವು ಜಾಸ್ತಿ ಕಲಿಯುತ್ತೀರಿ, ಅದನ್ನು ಪ್ರಾಕ್ಟಿಕಲ್ ರೆಕಾರ್ಡಿಗೂ ಬರೆಯಬಹುದು ಅಂದೆ. ಪ್ರಾಂಶುಪಾಲರು ನಕ್ಕು, ‘ಇಂಟರ್ನಲ್ಸ್ ಮುಗೀಲಿ, ಶನಿವಾರ ಮಧ್ಯಾಹ್ನ ನೋಡೋಣ’ ಅಂದರು. ಹುಡುಗರು ಆಗಲೇ ಟೀಮ್ ಮಾಡೋಕೆ ಶುರು ಮಾಡಿದ್ದರು.